ಊರಿನ ನೆಲ ಊರವರ ಕೈಗೆ

ಅಮೆರಿಕದ ಬೋಸ್ಟನ್ ನಗರದಲ್ಲಿ ಡಡ್ಲಿ ಸ್ಟ್ರೀಟ್ ಅಂತ ಒಂದು ಏರಿಯಾ ಇದೆ. 1980ರ ದಶಕದಲ್ಲಿ ಇಲ್ಲಿ ಸುಮಾರು 1,300 ಸೈಟುಗಳು ಖಾಲಿ ಬಿದ್ದಿದ್ದವು. ವಿಮೆ ಹಣಕ್ಕಾಗಿ ಮಾಲೀಕರೇ ಮನೆಗಳಿಗೆ ಬೆಂಕಿ ಹಚ್ಚಿಸಿದ್ದೂ ಉಂಟು. ಸುಟ್ಟ ಜಾಗಕ್ಕೆ ಹೊರಗಿನವರು ಲಾರಿಗಟ್ಟಲೆ ಕಸ ತಂದು ಸುರಿಯುತ್ತಿದ್ದರು: ಹಳೇ ಫ್ರಿಜ್ಜು, ಕೆಟ್ಟ ಕಾರು, ಕೊಳೆತ ಮಾಂಸ.

1985ರಲ್ಲಿ, ನೆರವಿಗೆ ಬಂದ ಸಂಸ್ಥೆಗಳು ಸಭೆ ಕರೆದು ಯೋಜನೆ ಮುಂದಿಟ್ಟವು. ಜನ ಎದ್ದು ಕೇಳಿದ್ದು ಒಂದೇ: ನಿಮ್ಮಲ್ಲಿ ಇಲ್ಲಿ ವಾಸ ಮಾಡೋರು ಎಷ್ಟು ಮಂದಿ? ಆ ಪ್ರಶ್ನೆಗೆ ಬೆಲೆ ಸಿಕ್ಕಿತು. ಅಲ್ಲಿಂದ ರೂಪುಗೊಂಡ ಸಂಘಟನೆಯ ಆಡಳಿತ ಮಂಡಳಿಯಲ್ಲಿ ನಿವಾಸಿಗಳಿಗೇ ಬಹುಮತ ಬಂತು. ನನ್ನ ಪ್ರಕಾರ ಇಡೀ ಕಥೆ ತಿರುಗಿದ್ದೇ ಇಲ್ಲಿ.

ಮೊದಲ ಹೋರಾಟ ಕಸದ ವಿರುದ್ಧ. ಅದನ್ನು ಗೆದ್ದರು.

ಆಮೇಲೆ ನೆಲದ ಪ್ರಶ್ನೆ. ಭೂಸ್ವಾಧೀನ ಅಂದ್ರೆ ನಮಗೆ ಗೊತ್ತಿರೋದು ಸರ್ಕಾರ ಜನರ ಜಾಗ ತಗೊಳ್ಳೋದು. ಆದರೆ 1988ರಲ್ಲಿ, ಸುಮಾರು 60 ಎಕರೆ ಪ್ರದೇಶದ ಖಾಲಿ ಸೈಟುಗಳನ್ನು ವಶಕ್ಕೆ ಪಡೆಯುವ ಆ ಅಧಿಕಾರವನ್ನೇ ನಗರಾಡಳಿತ ಈ ನಿವಾಸಿಗಳ ಸಂಘಟನೆಗೆ ಕೊಟ್ಟಿತು!

ಆ ನೆಲ ಈಗ ಸಮುದಾಯದ ಟ್ರಸ್ಟಿನದು. ಅದರ ಮೇಲೆ ಮನೆಗಳು, ತೋಟಗಳು ಬಂದಿವೆ. ಗ್ಯಾರೇಜ್ ಇದ್ದ ಜಾಗದಲ್ಲಿ ತರಕಾರಿ ಬೆಳೆಯುವ ಹಸಿರುಮನೆ ಎದ್ದಿದೆ. ಮನೆ ಕೊಂಡವರಿಗೆ ಮನೆ ಸ್ವಂತ, ನೆಲ ಮಾತ್ರ 99 ವರ್ಷದ ಗುತ್ತಿಗೆ. ಬೇಕಾದರೆ ಮಾರಬಹುದು, ಆದರೆ ಬೆಲೆಗೆ ಮಿತಿ ಉಂಟು. ಹಾಗಾಗಿ ಸುತ್ತಮುತ್ತ ಬೆಲೆ ಗಗನಕ್ಕೇರಿದರೂ, ಈ ಮನೆಗಳನ್ನು ಸಾಧಾರಣ ಸಂಬಳದವರು ಇವತ್ತಿಗೂ ಕೊಳ್ಳಬಹುದು.