ಚಿತ್ರದ ಕೆಳಗಿನ ನಾಲ್ಕು ಸಾಲು

ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂನಲ್ಲಿ ವಿಜಯಪುರದ ಒಂದು ಚಿತ್ರವಿದೆ. ಬೇರೆ ಬೇರೆ ಕಾಲದಲ್ಲಿ ಆಳಿದ ಆದಿಲ್‌ಶಾಹಿ ಸುಲ್ತಾನರು ಒಂದೇ ಸಭೆಯಲ್ಲಿ ಕುಳಿತಂತೆ ಬರೆದದ್ದು. ಕಾಲ ಸುಮಾರು 1680. ಔರಂಗಜೇಬ 1686ರಲ್ಲಿ ನಗರವನ್ನು ವಶಪಡಿಸಿಕೊಳ್ಳುವುದಕ್ಕೆ ಕೆಲವೇ ವರ್ಷ ಮೊದಲಿನ ಕೆಲಸ. ಬರೆದವರು ಇಬ್ಬರು: ಕಮಾಲ್ ಮುಹಮ್ಮದ್ ಮತ್ತು ಚಾಂದ್ ಮುಹಮ್ಮದ್. ಅದೇ ವಿಜಯಪುರ ಜಿಲ್ಲೆಯ ಇಂಡಿ ಪಟ್ಟಣದ ಬಸ್ ನಿಲ್ದಾಣದಲ್ಲಿ ಕುಳಿತ ಬಿ.ಎ. ವಿದ್ಯಾರ್ಥಿ ತನ್ನ ಮೊಬೈಲಿನಲ್ಲಿ ಈ ಚಿತ್ರವನ್ನು ಹುಡುಕಿ, ಹಿಗ್ಗಿಸಿ, ಸುಲ್ತಾನರ ಅಂಗಿಯ ಬೂಟಾಗಳನ್ನು ಒಂದೊಂದಾಗಿ ನೋಡಬಹುದು. ಆದರೆ ಅವನ ಕಾಲೇಜಿನ ಮೆಟ್ಟಿಲ ಪಕ್ಕದ ಗೋಡೆಯ ಮೇಲೆ ಯಾರೋ ಬರೆದ ಬಸವಣ್ಣನ ಚಿತ್ರವಿದ್ದರೆ, ಅದನ್ನು ಬರೆದವರು ಯಾರು, ಯಾವ ವರ್ಷದ ಬ್ಯಾಚಿನವರು ಎಂದು ಹೇಳುವವರು ಸಿಗುವುದು ಕಷ್ಟ. ಮುನ್ನೂರಕ್ಕೂ ಹೆಚ್ಚು ವರ್ಷ ಹಿಂದಿನ ಇಬ್ಬರು ಕಲಾವಿದರ ಹೆಸರು ಗೊತ್ತಿದೆ, ಹತ್ತು ವರ್ಷ ಹಿಂದಿನ ಒಬ್ಬನದು ಗೊತ್ತಿಲ್ಲ. ಅವರ ಮತ್ತು ಇವನ ಪ್ರತಿಭೆಯಲ್ಲಿ ಅಂತರವಿರಬಹುದು, ಆದರೆ ಈ ಅಜ್ಞಾನಕ್ಕೆ ಕಾರಣ ಅದಲ್ಲ. ಒಂದು ಚಿತ್ರದ ಕೆಳಗೆ ಯಾರೋ ನಾಲ್ಕು ಸಾಲು ಬರೆದಿಟ್ಟರು, ಇನ್ನೊಂದರ ಕೆಳಗೆ ಯಾರೂ ಬರೆಯಲಿಲ್ಲ.

ಕಾಲೇಜು ವಿದ್ಯಾರ್ಥಿಗಳೇ ಕೂಡಿ ತಮ್ಮ ಆವರಣದ ಕಲೆಯನ್ನು ಫೋಟೊ ತೆಗೆದು, ವಿವರ ಬರೆದು, ಅಂತರ್ಜಾಲದಲ್ಲಿ ಜೋಡಿಸಿಡುವ ಗ್ಯಾಲರಿಯ ಬಗ್ಗೆ ಈಗ ಮಾತನಾಡಬೇಕಾದದ್ದು ಈ ಕಾರಣಕ್ಕೆ. ಕಲಾ ಕಾಲೇಜುಗಳಿಗೆ ಇದು ಹೊಸದಲ್ಲ. ಕೊಚ್ಚಿ ಬಿಯೆನ್ನಾಲೆ ಪ್ರತಿಷ್ಠಾನ 2014ರಲ್ಲಿ ಶುರು ಮಾಡಿದ ವಿದ್ಯಾರ್ಥಿ ಬಿಯೆನ್ನಾಲೆ ಎಂಬ ಕಲಾ ಪ್ರದರ್ಶನ ದೇಶದ ಕಲಾ ಶಾಲೆಗಳ ವಿದ್ಯಾರ್ಥಿಗಳನ್ನು ಒಂದೆಡೆ ತರುತ್ತದೆ, ಕೊರೊನಾ ಕಾಲದಲ್ಲಿ ಅದೂ ಆನ್‌ಲೈನ್‌ಗೆ ಸರಿಯಿತು. ಆದರೆ ನಾನು ಹೇಳುತ್ತಿರುವುದು ಈ ಜಿಲ್ಲೆಯ ನಾಲ್ಕು ಕಾಲೇಜುಗಳು ಕೂಡಿ ಮಾಡುವ ಗ್ಯಾಲರಿಯ ಬಗ್ಗೆ. ಇಂಡಿಯ ಜಿ.ಆರ್.ಜಿ., ಸಿಂದಗಿಯ ಜಿ.ಪಿ. ಪೋರವಾಲ, ಮುದ್ದೇಬಿಹಾಳದ ಎಂ.ಜಿ.ವಿ.ಸಿ., ಬಸವನ ಬಾಗೇವಾಡಿಯ ಬಸವೇಶ್ವರ ಕಾಲೇಜುಗಳು ಕಲೆ, ವಾಣಿಜ್ಯ, ವಿಜ್ಞಾನದ ಪದವಿ ಕಾಲೇಜುಗಳು. ಬ್ರಷ್ ಹಿಡಿಸುವುದು ಇವುಗಳ ಕೆಲಸವಲ್ಲ. ಹಾಗಿದ್ದರೆ ಇಲ್ಲಿ ಗ್ಯಾಲರಿಗೆ ಹಾಕಲು ಏನಿದೆ ಎಂಬುದೇ ಮೊದಲ ಆಕ್ಷೇಪ. ಇದೆ, ಬೇಕಾದಷ್ಟಿದೆ. ಯುವಜನೋತ್ಸವದಲ್ಲಿ ಸ್ಥಳದಲ್ಲೇ ಚಿತ್ರ ಬರೆಯುವುದು, ಕೊಲಾಜ್, ಪೋಸ್ಟರ್, ವ್ಯಂಗ್ಯಚಿತ್ರ, ಮಣ್ಣಿನ ಮಾದರಿ, ರಂಗೋಲಿ ಎಂಬ ಸ್ಪರ್ಧೆಗಳೇ ಇವೆ. ಎರಡೂವರೆ ತಾಸಿನಲ್ಲಿ ಮುಗಿಸಿದ ಆ ಹಾಳೆಗಳು ಫಲಿತಾಂಶ ಬಂದ ಮೇಲೆ ಯಾವುದೋ ಕಪಾಟು ಸೇರುತ್ತವೆ. ಎನ್‌ಎಸ್‌ಎಸ್‌ನ ಏಳು ದಿನದ ಶಿಬಿರದಲ್ಲಿ ಹಳ್ಳಿಯ ಶಾಲೆಯ ಗೋಡೆಗೆ ಚಿತ್ರ ಬರೆಯುವವರಿದ್ದಾರೆ. ಕನ್ನಡ ವಿಭಾಗದ ಭಿತ್ತಿಪತ್ರಿಕೆಯ ಅಂಚಿಗೆ ಬಳ್ಳಿ ಬಿಡಿಸುವವಳೊಬ್ಬಳು ಇದ್ದೇ ಇರುತ್ತಾಳೆ. ಪ್ರಾಣಿಶಾಸ್ತ್ರದ ರೆಕಾರ್ಡ್ ಪುಸ್ತಕದಲ್ಲಿ ಕಪ್ಪೆಯ ನರಮಂಡಲವನ್ನು ಪೆನ್ಸಿಲಿನಲ್ಲಿ ಜೀವ ಬಂದಂತೆ ಬರೆದು, ಹತ್ತು ಅಂಕ ಪಡೆದು, ಅಲ್ಲಿಗೇ ಬಿಟ್ಟವರೂ ಇದ್ದಾರೆ. ಕಲಾ ವಿಭಾಗವೇ ಇಲ್ಲದ ಕಡೆ ಇವನ್ನು ಕಲೆ ಎಂದು ಎತ್ತಿಡುವ ಹೊಣೆ ಯಾರ ಮೇಲೂ ಇಲ್ಲ. ಗ್ಯಾಲರಿಯ ಅಗತ್ಯ ಕಲಾ ಶಾಲೆಗಳಿರುವ ಬರೋಡಾಕ್ಕಿಂತ, ಶಾಂತಿನಿಕೇತನಕ್ಕಿಂತ ಇಲ್ಲೇ ಹೆಚ್ಚು ಎನ್ನುವುದು ಅದಕ್ಕೆ.

ಈ ಕೆಲಸದ ಕಸುಬು ಎಲ್ಲಿದೆ ಎಂದು ನೋಡಬೇಕು. ಫೋಟೊ ತೆಗೆಯುವುದು ಸುಲಭದ ಅರ್ಧ. ಅದಕ್ಕೂ ಕ್ರಮವಿದೆ: ಹಾಳೆಯನ್ನು ನೇರ ಬಿಸಿಲಿಗಿಡದೆ ನೆರಳಿನ ಬೆಳಕಿನಲ್ಲಿಡಬೇಕು, ಫ್ಲ್ಯಾಶ್ ಬೇಡ, ಮೊಬೈಲು ಹಾಳೆಗೆ ಸಮಾನಾಂತರವಾಗಿರಬೇಕು, ಇಲ್ಲದಿದ್ದರೆ ಚೌಕ ಚಿತ್ರ ಗೋಪುರವಾಗುತ್ತದೆ. ಪಕ್ಕದಲ್ಲೊಂದು ಬಿಳಿ ಹಾಳೆ, ಒಂದು ಅಳತೆಪಟ್ಟಿ ಇಟ್ಟರೆ ಬಣ್ಣವೂ ಗಾತ್ರವೂ ನಂತರ ಗೊತ್ತಾಗುತ್ತವೆ. ಆಯಿಲ್ ಪೇಂಟಿನ ಗೋಡೆಚಿತ್ರ ಮಧ್ಯಾಹ್ನ ಹೊಳೆಯುತ್ತದೆ, ಬೆಳಗ್ಗೆಯೇ ಹೋಗಬೇಕು. ರಂಗೋಲಿಯನ್ನು ಮೇಲಿನಿಂದ, ಮೊದಲ ಮಹಡಿಯ ಪಡಸಾಲೆಯಿಂದ ತೆಗೆಯಬೇಕು, ಅದೂ ಕಸಬರಿಗೆ ಬರುವ ಮುಂಚೆ. ಕಷ್ಟದ ಅರ್ಧ ಚಿತ್ರದ ಕೆಳಗಿನದು: ಬರೆದವರು ಯಾರು, ಯಾವ ಇಸವಿ ಮತ್ತು ಯಾವ ಸಂದರ್ಭ, ಯಾವ ಸಾಮಗ್ರಿ ಮತ್ತು ಎಷ್ಟು ಅಳತೆ, ಯಾರ ಒಪ್ಪಿಗೆಯ ಮೇಲೆ ಇಲ್ಲಿ ಹಾಕಲಾಗಿದೆ. ಡಿಜಿಟಲ್ ಸಂಗ್ರಹಗಳು ಬಳಸುವ ಡಬ್ಲಿನ್ ಕೋರ್ ಎಂಬ ಮಾದರಿಯಲ್ಲಿ ಹದಿನೈದು ಅಂಶಗಳಿವೆ. ಆರಂಭಕ್ಕೆ ಈ ನಾಲ್ಕೇ ಸಾಕು, ಆದರೆ ನಾಲ್ಕೂ ಬೇಕು. ಬರೆಯುವಾಗ ಯೂನಿಕೋಡ್ ಕನ್ನಡದಲ್ಲೇ ಬರೆಯಬೇಕು. ಕಚೇರಿಯ ಕಂಪ್ಯೂಟರಿನಲ್ಲಿ ಹಳೆಯ ನುಡಿ ಫಾಂಟಿನಲ್ಲಿ ಟೈಪು ಮಾಡಿದ ಪಟ್ಟಿ ಕಣ್ಣಿಗೆ ಕನ್ನಡವಾಗಿ ಕಂಡರೂ ಹುಡುಕುವ ಯಂತ್ರಕ್ಕೆ ಬರೀ ಗೊಂದಲ. ಮದುವೆಗೆ ಉಡುಗೊರೆ ಕೊಟ್ಟ ಸ್ಟೀಲ್ ತಂಬಿಗೆಯ ಮೇಲೂ ಹೆಸರು, ತಾರೀಖು ಕೊರೆಸುವ ಊರುಗಳಿವು. ಚಿತ್ರದ ವಿಷಯದಲ್ಲಿ ಮಾತ್ರ ಏಕೆ ಉದಾಸೀನವೋ ತಿಳಿಯದು.

ಹೀಗೆ ಹೆಸರು ಹಚ್ಚಿ ಜೋಡಿಸುವ ಕೆಲಸಕ್ಕೆ ಜಿಲ್ಲೆಯಲ್ಲಿ ದೊಡ್ಡ ಪರಂಪರೆಯೇ ಇದೆ. ವಕೀಲಿ ಮಾಡುತ್ತಿದ್ದ ಫ.ಗು. ಹಳಕಟ್ಟಿ (1880–1964) ಮನೆ, ಮಠಗಳಲ್ಲಿ ಚದುರಿ ಬಿದ್ದಿದ್ದ ತಾಡೋಲೆ ಕಟ್ಟುಗಳನ್ನು ಹುಡುಕಿ 1923ರಲ್ಲಿ ವಚನಶಾಸ್ತ್ರಸಾರದ ಮೊದಲ ಭಾಗ ತಂದರು, 1926ರಲ್ಲಿ ಶಿವಾನುಭವ ಪತ್ರಿಕೆ ಆರಂಭಿಸಿದರು. ಅವರು 1910ರಲ್ಲಿ ಸ್ಥಾಪಿಸಿದ ಬಿ.ಎಲ್.ಡಿ.ಇ. ಸಂಸ್ಥೆಯೇ ಬಸವನ ಬಾಗೇವಾಡಿಯ ಬಸವೇಶ್ವರ ಕಾಲೇಜನ್ನು ನಡೆಸುತ್ತಿದೆ. ಹಳಕಟ್ಟಿಯವರಿಗೆ ಒಂದು ಅನುಕೂಲವಿತ್ತು: ವಚನದ ಒಳಗೇ ಅಂಕಿತವಿತ್ತು, ಓಲೆ ಎಲ್ಲಿ ಸಿಕ್ಕರೂ ಯಾರ ವಚನವೆಂದು ಬಹುಮಟ್ಟಿಗೆ ತಿಳಿಯುತ್ತಿತ್ತು. ಇಂದು ವಚನ ಸಂಚಯ ಎಂಬ ಜಾಲತಾಣದಲ್ಲಿ ವಚನಕಾರರ ಹೆಸರು ಹಿಡಿದು ಹುಡುಕಲು ಸಾಧ್ಯವಾಗಿರುವುದರ ಹಿಂದೆ ಅಂಕಿತವೂ ಇದೆ, ಅದನ್ನು ಆಧರಿಸಿ ವಿಂಗಡಿಸಿದವರ ದುಡಿಮೆಯೂ ಇದೆ. ವಿದ್ಯಾರ್ಥಿಯ ಚಿತ್ರಕ್ಕೆ ಅಂಕಿತವಿರುವುದು ಕಡಿಮೆ. ಸ್ಪರ್ಧೆಯ ಹಾಳೆಯ ಮೇಲಂತೂ ಹೆಸರಿನ ಬದಲು ಬರೀ ನಂಬರು. ಹೀಗಾಗಿ ವಿವರವನ್ನು ಹೊರಗಿನಿಂದಲೇ ಸೇರಿಸಬೇಕು, ಅದೂ ಬರೆದವರು ಕ್ಯಾಂಪಸ್ಸಿನಲ್ಲಿ ಇರುವಾಗಲೇ.

ಹೊರಗಿನ ಒಂದು ನಿದರ್ಶನವೂ ಉಪಯೋಗಕ್ಕೆ ಬರುತ್ತದೆ. ಬ್ರಿಟನ್ನಿನಲ್ಲಿ ಸಾರ್ವಜನಿಕರ ಸ್ವತ್ತಾದ ತೈಲಚಿತ್ರಗಳು ಎಲ್ಲೆಲ್ಲಿವೆ ಎಂಬ ಒಟ್ಟು ಪಟ್ಟಿಯೇ ಇರಲಿಲ್ಲ. 2003ರಲ್ಲಿ ಆರಂಭವಾದ ಒಂದು ಪ್ರತಿಷ್ಠಾನ ಸುಮಾರು ಹತ್ತು ವರ್ಷದಲ್ಲಿ ಎರಡು ಲಕ್ಷಕ್ಕೂ ಹೆಚ್ಚು ಚಿತ್ರಗಳನ್ನು ಮ್ಯೂಸಿಯಂ ಮಾತ್ರವಲ್ಲದೆ ಆಸ್ಪತ್ರೆ, ಪುರಸಭೆ, ವಿಶ್ವವಿದ್ಯಾಲಯ, ಅಗ್ನಿಶಾಮಕ ಠಾಣೆಗಳಿಂದಲೂ ಹುಡುಕಿ ಫೋಟೊ ಸಮೇತ ದಾಖಲಿಸಿತು. ಇಂದು ಅದರ ಹೆಸರು ಆರ್ಟ್ ಯುಕೆ. ಚಿತ್ರದಲ್ಲಿ ಏನೇನಿದೆ ಎಂದು ಗುರುತು ಹಚ್ಚಲು ಸಾಮಾನ್ಯ ಜನರೇ ಸ್ವಯಂಸೇವಕರಾಗಿ ಕೈಜೋಡಿಸಿದರು. ಅಲ್ಲಿ ಹಣವಿತ್ತು, ಬಿಬಿಸಿಯ ಬೆಂಬಲವಿತ್ತು, ನಮ್ಮ ಊರುಗಳಲ್ಲಿ ಅದಿಲ್ಲ ಎನ್ನಬಹುದು. ನಿಜ. ಆದರೆ ಕನ್ನಡದಲ್ಲೇ ವಿದ್ಯಾರ್ಥಿಗಳ ದುಡಿಮೆಯಿಂದ ಆದದ್ದೂ ಇದೆ. ಮೈಸೂರು ವಿಶ್ವವಿದ್ಯಾಲಯ ತನ್ನ ಕನ್ನಡ ವಿಶ್ವಕೋಶವನ್ನು ಮುಕ್ತ ಪರವಾನಗಿಯಲ್ಲಿ ಬಿಟ್ಟುಕೊಟ್ಟಾಗ ಅದನ್ನು ಅಂತರ್ಜಾಲಕ್ಕೆ ತರುವ ಕೆಲಸದಲ್ಲಿ ಬೆಂಗಳೂರಿನ ಕ್ರೈಸ್ಟ್ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು ಪಾಲ್ಗೊಂಡರು. ಕರಾವಳಿಯ ಕಾಲೇಜುಗಳಲ್ಲಿ ವಿಕಿಪೀಡಿಯ ಸಂಘಗಳಿವೆ. ಚಿತ್ರಗಳನ್ನು ಇಡಲು ವಿಕಿಮೀಡಿಯ ಕಾಮನ್ಸ್ ಎಂಬ ಉಚಿತ ಭಂಡಾರ 2004ರಿಂದ ಇದೆ. ಬೇಕಾದದ್ದು ಕಾಸಿಗಿಂತ ಹೆಚ್ಚಾಗಿ ಶಿಸ್ತು.

ಶಿಸ್ತಿನಲ್ಲಿ ಕಾನೂನೂ ಸೇರಿದೆ. ನಮ್ಮ 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ವಿದ್ಯಾರ್ಥಿ ತಾನಾಗಿ ಬರೆದ ಚಿತ್ರದ ಹಕ್ಕು ಸಾಮಾನ್ಯವಾಗಿ ಅವನದೇ, ಹಾಳೆ ಕಾಲೇಜಿನದ್ದಾದರೂ. ಅವನ ಬದುಕಿನುದ್ದಕ್ಕೂ, ಆ ಮೇಲೆ 60 ವರ್ಷವೂ ಅದು ಇರುತ್ತದೆ. ಸಾರ್ವಜನಿಕರು ಓಡಾಡುವ ಜಾಗದಲ್ಲಿ ಕಾಯಂ ಆಗಿ ನಿಂತ ಶಿಲ್ಪದ ಫೋಟೊ ತೆಗೆದು ಪ್ರಕಟಿಸಲು 52ನೇ ಕಲಮು ಅವಕಾಶ ಕೊಡುತ್ತದೆ, ಆದರೆ ಗೋಡೆಯ ಮೇಲಿನ ಚಿತ್ರಕ್ಕೆ ಆ ವಿನಾಯಿತಿ ಇಲ್ಲ. ಅಂದರೆ ಗೇಟಿನ ಬಳಿಯ ಪ್ರತಿಮೆಯನ್ನು ಕೇಳದೆ ಹಾಕಬಹುದು, ಕಾರಿಡಾರಿನ ಚಿತ್ರಕ್ಕೆ ಬರೆದವರನ್ನು ಹುಡುಕಿ ಒಪ್ಪಿಗೆ ಕೇಳಬೇಕು. ಕಿರಿಕಿರಿ ಅನಿಸಿದರೂ ಇದರಿಂದ ಲಾಭವೇ: ಒಪ್ಪಿಗೆಗಾಗಿ ಹುಡುಕಿದಾಗಲೇ ಹೆಸರು ಸಿಗುವುದು. ಗೋಡೆ ಕಾಲೇಜಿನದು, ಏನು ಬೇಕಾದರೂ ಮಾಡಬಹುದು ಎಂಬ ನಂಬಿಕೆಗೂ ಮಿತಿಯಿದೆ. ದೆಹಲಿಯ ವಿಜ್ಞಾನ ಭವನದಲ್ಲಿದ್ದ ಅಮರನಾಥ ಸೆಹಗಲ್ ಅವರ ಕಂಚಿನ ಭಿತ್ತಿಶಿಲ್ಪವನ್ನು 1979ರಲ್ಲಿ ಕಿತ್ತು ಉಗ್ರಾಣಕ್ಕೆ ಹಾಕಿದ್ದಕ್ಕೆ ದೆಹಲಿ ಹೈಕೋರ್ಟು 2005ರಲ್ಲಿ ಉಳಿದದ್ದನ್ನು ಕಲಾವಿದನಿಗೆ ಹಿಂತಿರುಗಿಸಲು, 5 ಲಕ್ಷ ರೂಪಾಯಿ ಪರಿಹಾರ ಕೊಡಲು ಹೇಳಿತು. ತಾಲ್ಲೂಕು ಕಾಲೇಜಿನ ಗೋಡೆಚಿತ್ರಕ್ಕಾಗಿ ಯಾರೂ ಹೈಕೋರ್ಟಿಗೆ ಹೋಗಲಾರರು. ಫೋಟೊ, ಹೆಸರು, ತಾರೀಖು ಇದ್ದರೆ ಅಂಥದ್ದೊಂದು ಇತ್ತು ಎಂದಾದರೂ ಹೇಳಬಹುದು.

ಇಷ್ಟೆಲ್ಲ ಏಕೆ, ಇನ್‌ಸ್ಟಾಗ್ರಾಂ ಇದೆಯಲ್ಲ ಎಂದು ವಿದ್ಯಾರ್ಥಿಗಳೇ ಕೇಳುತ್ತಾರೆ. ಇನ್‌ಸ್ಟಾಗ್ರಾಂ ಇವತ್ತಿನ ಮೆಚ್ಚುಗೆಗೆ ಒಳ್ಳೆಯದು. ಆದರೆ ಅಲ್ಲಿ 2019ರ ರಂಗೋಲಿಗಳನ್ನಷ್ಟೇ ತೋರಿಸು ಎಂದರೆ ತೋರಿಸುವ ದಾರಿಯಿಲ್ಲ. ಖಾತೆ ತೆರೆದವನು ಪದವಿ ಮುಗಿಸಿ ಪುಣೆಗೋ ಬೆಂಗಳೂರಿಗೋ ಹೋದರೆ ಪಾಸ್‌ವರ್ಡೂ ಅವನ ಜೊತೆ ಹೋಗುತ್ತದೆ. ಇದಕ್ಕಿಂತ ಗಟ್ಟಿಯಾದ ಆಕ್ಷೇಪ ಗುಣಮಟ್ಟದ್ದು. ವಿದ್ಯಾರ್ಥಿಗಳ ಚಿತ್ರಗಳಲ್ಲಿ ಬಹಳಷ್ಟು ಮೊಬೈಲ್ ನೋಡಿ ಬರೆದ ನಕಲು: ನಟರ ಮುಖ, ಯಾರದೋ ಸೂರ್ಯಾಸ್ತ. ಅವನ್ನೆಲ್ಲ ದಾಖಲಿಸಿ ಏನು ಪ್ರಯೋಜನ? ನಕಲಿಗೂ ಬೆಲೆಯಿದೆ, ನಕಲು ಎಂದು ಬರೆದಿದ್ದರೆ. ಬಾದಾಮಿಯ ಮೂರನೇ ಗುಹೆಯ ವರ್ಣಚಿತ್ರಗಳು ಮಾಸಿಹೋಗಿವೆ, ಕಲಾವಿದ ಜಗನ್ನಾಥ ಅಹಿವಾಸಿ ಮಾಡಿಕೊಂಡ ಪ್ರತಿಗಳನ್ನು ಕಲಾ ಇತಿಹಾಸಕಾರರು ಇಂದೂ ಆಧರಿಸುತ್ತಾರೆ. ಆದ್ದರಿಂದ ವಿವರದಲ್ಲಿ ‘ಇಂಥ ಫೋಟೊ ನೋಡಿ ಬರೆದದ್ದು’ ಎಂಬ ಮಾತು ಇರಲಿ. ಸಿನಿಮಾದ ಪೋಸ್ಟರಿನಂತಹ ಇತ್ತೀಚಿನ, ಬೇರೆಯವರ ಹಕ್ಕಿರುವ ಕೃತಿಯ ನಕಲಾದರೆ ವಿವರವನ್ನು ಪಟ್ಟಿಯಲ್ಲಿ ಬರೆದು ಚಿತ್ರವನ್ನು ಬಿಟ್ಟುಬಿಡುವುದು ವಾಸಿ. ಆಯ್ಕೆಯನ್ನು ಮುಖಪುಟಕ್ಕೆ ಇಟ್ಟುಕೊಂಡು ದಾಖಲೆಯಲ್ಲಿ ಎಲ್ಲವನ್ನೂ ಸೇರಿಸಿಕೊಳ್ಳುವುದು ನನಗೆ ಸರಿ ಕಾಣುತ್ತದೆ. ಹತ್ತೊಂಬತ್ತು ವರ್ಷದವರ ಕೈ ಮುಂದೆ ಎತ್ತ ತಿರುಗುತ್ತದೆ ಎಂದು ತೀರ್ಪುಗಾರರಿಗೆ ಮೊದಲೇ ಗೊತ್ತಾಗುವುದಿಲ್ಲ.

ಹೆಣ್ಣುಮಕ್ಕಳ ಹೆಸರು ಅಂತರ್ಜಾಲದಲ್ಲಿ ಬರುವುದಕ್ಕೆ ಮನೆಯವರು ಹಿಂಜರಿಯುತ್ತಾರೆ ಎಂಬುದನ್ನು ಹಳೆಯ ಕಾಲದ ಮಾತೆಂದು ತಳ್ಳಿಹಾಕಬಾರದು. ಭಯಕ್ಕೆ ಕಾರಣಗಳಿವೆ. ಹುಡುಗಿಯ ಫೋಟೊ, ಫೋನ್ ನಂಬರು, ಊರು ಯಾವುದೂ ಬೇಡ, ಚಿತ್ರ ಸಾಕು. ಪೂರ್ಣ ಹೆಸರು ಬೇಡವೆಂದರೆ ಅವಳೇ ಆರಿಸಿಕೊಂಡ ಅಂಕಿತವಿರಲಿ, ನಿಜವಾದ ಹೆಸರು ಗ್ರಂಥಾಲಯದ ರಜಿಸ್ಟರಿನಲ್ಲಿರಲಿ. ಪಿಯು ವಿದ್ಯಾರ್ಥಿಗಳಾದರೆ ಪಾಲಕರ ಲಿಖಿತ ಒಪ್ಪಿಗೆ ಬೇಕು. 2023ರ ದತ್ತಾಂಶ ರಕ್ಷಣಾ ಕಾಯ್ದೆ 18 ತುಂಬದವರನ್ನು ಮಕ್ಕಳೆಂದೇ ಎಣಿಸುತ್ತದೆ. ಕೃತಕ ಬುದ್ಧಿಮತ್ತೆಯ ಕಂಪನಿಗಳು ಚಿತ್ರಗಳನ್ನು ಬಾಚಿಕೊಂಡು ಹೋಗುತ್ತವೆ ಎಂಬ ಆತಂಕಕ್ಕೆ ಪೂರ್ತಿ ಉತ್ತರ ಯಾರ ಬಳಿಯೂ ಇಲ್ಲ. ಕಡಿಮೆ ಗಾತ್ರದ ಫೋಟೊ ಹಾಕಬಹುದು. ಕಾಮನ್ಸ್‌ನಂಥ ಮುಕ್ತ ಭಂಡಾರಕ್ಕೆ ಕೊಟ್ಟರೆ ವ್ಯಾಪಾರಕ್ಕೂ ಬಳಸಬಹುದೆಂದು ಒಪ್ಪಿಕೊಂಡಂತೆ. ಇದನ್ನು ಮೊದಲೇ ತಿಳಿಸಿ, ಒಲ್ಲದವರ ಚಿತ್ರವನ್ನು ಕಾಲೇಜಿನ ಸ್ವಂತ ಪುಟದಲ್ಲಷ್ಟೇ ಇಡಬೇಕು.

ನಾಲ್ಕು ಊರು ಕೂಡಿಯೇ ಮಾಡಬೇಕೆ, ಒಂದೊಂದು ಕಾಲೇಜು ತನ್ನದನ್ನು ಮಾಡಿಕೊಂಡರೆ ಸಾಲದೆ? ಇಂಡಿಯಿಂದ ಮುದ್ದೇಬಿಹಾಳಕ್ಕೆ ನೂರು ಕಿಲೋಮೀಟರಿಗಿಂತ ಹೆಚ್ಚು ದಾರಿ, ವಾರಕ್ಕೊಮ್ಮೆ ಕೂಡುವುದು ಆಗದ ಮಾತು. ಆದರೂ ಕೂಡಿ ಮಾಡುವುದಕ್ಕೆ ಎರಡು ಗಟ್ಟಿ ಕಾರಣಗಳಿವೆ. ಸೆಮಿಸ್ಟರ್ ಪರೀಕ್ಷೆ ಬಂದಾಗ ಅಥವಾ ಉತ್ಸಾಹಿ ಬ್ಯಾಚೊಂದು ಹೊರಬಿದ್ದಾಗ ಒಂದು ಕಾಲೇಜಿನ ಗುಂಪು ನಿಂತುಹೋಗುತ್ತದೆ, ನಾಲ್ಕರಲ್ಲಿ ಒಂದಾದರೂ ನಡೆಯುತ್ತಿದ್ದರೆ ಪಟ್ಟಿ ಸಾಯುವುದಿಲ್ಲ. ಇನ್ನೊಂದು ಕಾರಣ ಕಲೆಗೇ ಸಂಬಂಧಿಸಿದ್ದು. ಬೋರ್ಡು ಬರೆಯುವ ಪೇಂಟರೊಬ್ಬ ಸುತ್ತಲಿನ ಹಲವು ಶಾಲೆ ಕಾಲೇಜುಗಳಿಗೆ ವಿವೇಕಾನಂದ, ಚೆನ್ನಮ್ಮ, ಬಸವಣ್ಣನನ್ನು ಬರೆದುಕೊಟ್ಟಿರುವುದು ಈ ಕಡೆ ಸಾಮಾನ್ಯ. ಒಂದೇ ಕಾಲೇಜಿನಲ್ಲಿ ನೋಡಿದರೆ ಅದು ಬರೀ ಒಂದು ಪಟ. ನಾಲ್ಕು ತಾಲ್ಲೂಕಿನ ಪಟ್ಟಿಯನ್ನು ಒಟ್ಟಿಗಿಟ್ಟು ನೋಡಿದರೆ ಅವನ ಕೈ, ಅವನು ಕಣ್ಣು ಬರೆಯುವ ರೀತಿ, ಮೆಚ್ಚಿದ ಬಣ್ಣ ಗುರುತು ಸಿಗುತ್ತವೆ. ಆದಿಲ್‌ಶಾಹಿ ಚಿತ್ರಗಳಲ್ಲಿ ಯಾವುದು ಯಾರದೆಂದು ವಿದ್ವಾಂಸರು ನಿರ್ಧರಿಸುವುದೂ ಹೀಗೆ ಅಕ್ಕಪಕ್ಕ ಇಟ್ಟು ನೋಡಿಯೇ.

ಜಾಲತಾಣ ಆಮೇಲೆ ಆಗಲಿ, ಅದಕ್ಕೆ ಒಂದು ವಾರ ಸಾಕು. ಮೊದಲು ನಾಲ್ಕೂ ಕಾಲೇಜಿಗೆ ಒಂದೇ ಮಾದರಿಯ ಪಟ್ಟಿ, ಒಂದೇ ಮಾದರಿಯ ಒಪ್ಪಿಗೆ ಪತ್ರ ಆಗಬೇಕು, ಪಟ್ಟಿಯ ಮುದ್ರಿತ ಪ್ರತಿ ವರ್ಷ ವರ್ಷವೂ ಗ್ರಂಥಪಾಲಕರ ಕೈಸೇರಬೇಕು. ಪ್ರಾಚಾರ್ಯರಲ್ಲಿ ಒಂದೇ ವಿನಂತಿ: ಕಾಲೇಜಿನ ಗುಣಮಟ್ಟ ಅಳೆಯುವ ನ್ಯಾಕ್ ತಂಡ ಬರುತ್ತದೆಂದು ಗೋಡೆಗಳಿಗೆ ಬಣ್ಣ ಹೊಡೆಸುವುದು ಎಲ್ಲ ಕಡೆಯ ರೂಢಿ, ಅದನ್ನು ತಪ್ಪಿಸಲಾಗದು. ಪೇಂಟರನ್ನು ಕರೆಸುವ ಹಿಂದಿನ ದಿನ ವಿದ್ಯಾರ್ಥಿಗಳಿಗೆ ಅರ್ಧ ದಿನ ಬಿಡುವು ಕೊಟ್ಟು, ಇದ್ದ ಚಿತ್ರಗಳ ಫೋಟೊ ತೆಗೆಯಲು, ಬರೆದವರ ಹೆಸರು ಕೇಳಿ ಬರೆದುಕೊಳ್ಳಲು ಹೇಳಿ.