ಫೈಬರ್ ದೋಣಿಯ ಬೆನ್ನಿನೊಳಗಿನ ಕುಂಬು

ಅಮೆರಿಕದಲ್ಲಿ 1960–70ರ ದಶಕದ ಸಣ್ಣ ಫೈಬರ್‌ಗ್ಲಾಸ್ ದೋಣಿಗಳನ್ನು ಹುಡುಕಿ ಕೊಂಡು, ಮನೆಯಂಗಳದಲ್ಲೇ ದುರಸ್ತಿ ಮಾಡಿ ನೀರಿಗಿಳಿಸುವ ಹವ್ಯಾಸಿಗಳಿದ್ದಾರೆ. ಅವರಲ್ಲಿ ಹೊಸಬರು ಮೊದಲು ಎಡವುವುದು ‘ಫೈಬರ್ ಕೊಳೆಯುವುದಿಲ್ಲ’ ಎಂಬ ಭರವಸೆಯಲ್ಲಿ. ಫೈಬರ್ ಕೊಳೆಯುವುದಿಲ್ಲ, ನಿಜ. ಆದರೆ ಔಟ್‌ಬೋರ್ಡ್ ಎಂಜಿನ್ ತೂಗುಬೀಳುವ ಹಿಂಬದಿಯ ಗೋಡೆ, ಅಂದರೆ ಟ್ರಾನ್ಸಮ್, ಬರೀ ಫೈಬರ್ ಅಲ್ಲ. ಹೊರಗೊಂದು ಒಳಗೊಂದು ಫೈಬರ್ ಪದರ, ನಡುವೆ ಪ್ಲೈವುಡ್. ಮುಕ್ಕಾಲು ಇಂಚಿನ ಎರಡು ಹಾಳೆ ಅಂಟಿಸಿ ಒಂದೂವರೆ ಇಂಚು ದಪ್ಪ ಮಾಡುವುದು ಆ ಕಾಲದ ರೂಢಿ. ಗರಗಸದಿಂದ ಎರಡು ಹೋಳು ಮಾಡಿದರೂ ಮುಳುಗದು ಎಂದು ತೋರಿಸಿ ಹೆಸರಾದ ಬಾಸ್ಟನ್ ವೇಲರ್ 1958ರಲ್ಲಿ ಮಾರುಕಟ್ಟೆಗೆ ಬಂತು. ಒಡಲ ತುಂಬ ಫೋಮ್ ಇರುವ ಆ ದೋಣಿಯ ಹಳೆಯ ಮಾದರಿಗಳ ಟ್ರಾನ್ಸಮ್‌ನೊಳಗೂ ಮರವೇ ಇದೆ.

ಮರ ಕುಂಬಾದರೆ ಎಲ್ಲರೂ ಬೈಯುವುದು ಸಮುದ್ರವನ್ನು. ಇದು ಅನ್ಯಾಯ. ಮರವನ್ನು ತಿನ್ನುವುದು ಶಿಲೀಂಧ್ರ. ಅದಕ್ಕೆ ತೇವವೂ ಬೇಕು, ಗಾಳಿಯೂ ಬೇಕು, ಸ್ವಲ್ಪ ಬೆಚ್ಚಗೂ ಇರಬೇಕು. ಉಪ್ಪು ಅದಕ್ಕೆ ಒಗ್ಗದು. ಪೂರ್ತಿ ಮುಳುಗಿದ ಮರಕ್ಕೆ ಗಾಳಿಯೇ ಸಿಗದು. ಹೊದಿಕೆಯಿಲ್ಲದೆ ಅಂಗಳದಲ್ಲಿ ನಿಂತ ದೋಣಿಯೊಳಗೆ ಇಂಗಿದ ಮಳೆನೀರೇ ನಿಜವಾದ ಅಪರಾಧಿ. ಅದಕ್ಕೆ ಬಾಗಿಲು ತೆರೆದುಕೊಟ್ಟವರು ಮಾತ್ರ ನಾವೇ: ಎಂಜಿನ್ನಿನ ಬೋಲ್ಟು, ನೀರು ಬಸಿಯುವ ಕೊಳವೆ, ಎಲ್ಲಕ್ಕಿಂತ ಹೆಚ್ಚಾಗಿ ಆಳ ಅಳೆಯುವ ಸಾಧನ ಕೂರಿಸಲು ಸೀಲಂಟ್ ಹಚ್ಚದೆ ತಿರುಗಿಸಿದ ಎರಡು ಪುಟ್ಟ ಸ್ಕ್ರೂ. ದೋಣಿಯ ವಯಸ್ಸಿಗಿಂತ ಇಂಥ ತೂತುಗಳ ಲೆಕ್ಕವೇ ನನಗೆ ಹೆಚ್ಚು ಮುಖ್ಯವಾಗಿ ಕಾಣುತ್ತದೆ.

‘ಹೊರಗೆ ಬಿರುಕಿಲ್ಲ, ಹೊಳಪು ಹಾಗೇ ಇದೆ’ ಎನ್ನುವುದು ಮಾರುವವರ ಮಾತು. ಸುತ್ತಿಗೆಯ ಹಿಡಿಯಿಂದ ತಟ್ಟುತ್ತ ಹೋಗಿ. ಗಟ್ಟಿ ಜಾಗದಲ್ಲಿ ಟಣ್ಣೆನ್ನುವ ಸದ್ದು ಕೊಳೆತಲ್ಲಿ ಮಂಕಾಗುತ್ತದೆ. ಎಂಜಿನ್ ಮೇಲೆತ್ತಿ, ಅದರ ತುದಿಯನ್ನು ಕೆಳಗೆ ಅದುಮಿದಾಗ ಗೋಡೆ ಬಾಗಿದರೆ ಅನುಮಾನ ಬಲವಾಗುತ್ತದೆ. ಸಂಶಯ ಉಳಿದರೆ ಒಳಬದಿಯಲ್ಲಿ, ಕೆಳಗೆ, ಸಣ್ಣದೊಂದು ತೂತು ಕೊರೆಯುವುದೇ ದಾರಿ. ಬಿಳಿಚಿದ ಒಣ ಹೊಟ್ಟು ಬಂದರೆ ನಿರಾಳ. ಕಪ್ಪಾದ ಒದ್ದೆ ಹಿಟ್ಟು ಬಂದರೆ ಕೆಲಸ ಶುರು.

ಆಗ ಬರುವ ಆಮಿಷ ತೆಳು ಎಪಾಕ್ಸಿ ರೆಸಿನ್ನಿನದು. ಸಾಲಾಗಿ ತೂತು ಕೊರೆದು ಸುರಿದರೆ ಮರ ಕುಡಿದು ಕಲ್ಲಾಗುತ್ತದೆ ಎಂಬ ನಂಬಿಕೆ. ಒದ್ದೆ ಗೋಡೆಗೆ ಬಣ್ಣ ಬಳಿದ ಹಾಗೆ ಇದು. ನೀರು ತುಂಬಿದ ಮರದೊಳಕ್ಕೆ ರೆಸಿನ್ ಇಳಿಯದು. ಇಳಿದ ಕಡೆ ಗಟ್ಟಿಯಾದರೂ ಪಕ್ಕದಲ್ಲಿ ಒದ್ದೆ ಕುಂಬು ಹಾಗೇ ಉಳಿಯುತ್ತದೆ. ಪ್ಲೈವುಡ್ಡಿನ ಬಲವಿರುವುದು ಅಖಂಡವಾದ ನಾರಿನಲ್ಲಿ. ಕೊಳೆತದ್ದನ್ನು ಗಟ್ಟಿ ಮರ ಸಿಗುವವರೆಗೆ ಕಿತ್ತು ತೆಗೆಯಲೇಬೇಕು.

ಕಿತ್ತ ಮೇಲೆ ‘ಮರೀನ್ ಪ್ಲೈವುಡ್ ಹಾಕಿದೆ, ಇನ್ನು ಚಿಂತೆಯಿಲ್ಲ’ ಎಂಬ ಸಮಾಧಾನ. ನಮ್ಮಲ್ಲಿ ಅಡುಗೆಮನೆಯ ಕಪಾಟಿಗೆ ಮರೀನ್ ಪ್ಲೈವುಡ್ಡಿನ ಭಾರತೀಯ ಮಾನದಂಡವಾದ ಐಎಸ್ 710ರ ಗುರುತಿನ ಹಾಳೆ ಕೊಂಡವರೂ ಹೀಗೇ ಅಂದುಕೊಳ್ಳುತ್ತಾರೆ. ಮರೀನ್ ಎಂದರೆ ಅಂಟು ನೀರಿಗೆ ಬಿಡದು, ಒಳಪದರಗಳಲ್ಲಿ ಟೊಳ್ಳು ಇರದು ಎಂದರ್ಥ. ಐಎಸ್ 710ಕ್ಕೆ ಮರ ಕೆಡದಂತೆ ಔಷಧೋಪಚಾರವೂ ಉಂಟು. ಅಮೆರಿಕದ ಡಗ್ಲಾಸ್ ಫರ್ ಮರೀನ್ ಪ್ಲೈವುಡ್ಡಿಗೆ ಸಾಮಾನ್ಯವಾಗಿ ಅದೂ ಇಲ್ಲ. ಹಾಗಾಗಿ ಅಂಚುಗಳಿಗೆ ಎರಡು ಮೂರು ಸಲ ಎಪಾಕ್ಸಿ ಕುಡಿಸಬೇಕು. ನೀರು ಹೀರುವುದು ಅಂಚೇ.

ಹೊಸ ಮರದ ಮೇಲೆ ಫೈಬರ್ ಪದರ ಕೂರಿಸಲು ಎಪಾಕ್ಸಿ ರೆಸಿನ್ನೋ ಪಾಲಿಯೆಸ್ಟರ್ ರೆಸಿನ್ನೋ ಎಂಬ ಜಗಳಕ್ಕೆ ಕೊನೆಯಿಲ್ಲ. ಗಟ್ಟಿಯಾದ ಹಳೆಯ ಮೈಗೆ ಎಪಾಕ್ಸಿ ಹೆಚ್ಚು ಬಿಗಿಯಾಗಿ ಕಚ್ಚಿಕೊಳ್ಳುತ್ತದೆ ಎಂಬುದು ಸರಿ. ಪಾಲಿಯೆಸ್ಟರ್ ಹಿಡಿಯುವುದೇ ಇಲ್ಲ ಎಂಬುದು ಸುಳ್ಳು. ಆ ದೋಣಿಗಳನ್ನು ಕಟ್ಟಿದ್ದೇ ಅದರಿಂದ. ಚೆನ್ನಾಗಿ ಉಜ್ಜಿ ಒರಟು ಮಾಡಿದರೆ ಹಿಡಿಯುತ್ತದೆ. ಎಪಾಕ್ಸಿಗೂ ಅದರದೇ ತಕರಾರುಗಳಿವೆ. ಗಾಜಿನ ತುಂಡು ಎಳೆಗಳ ಮ್ಯಾಟನ್ನು ಬಂಧಿಸಿರುವ ಪುಡಿ ಪಾಲಿಯೆಸ್ಟರಿನಲ್ಲಿರುವ ಸ್ಟೈರೀನಿಗೆ ಕರಗುತ್ತದೆ, ಎಪಾಕ್ಸಿಗೆ ಕರಗದು. ಮೂಲೆಗಳಲ್ಲಿ ಮ್ಯಾಟ್ ಬಾಗದೆ ಸೆಟೆದು ನಿಲ್ಲುತ್ತದೆ. ಎಪಾಕ್ಸಿ ಹಿಡಿದವರು ಹೊಲಿದ ಗಾಜಿನೆಳೆಯ ಬಟ್ಟೆ ಆರಿಸಿಕೊಳ್ಳುವುದು ಮೇಲು.

ಕೊಳೆತ ಮರ ತೆಗೆಯಲು ಫೈಬರನ್ನು ಹೊರಗಿನಿಂದಲೇ ಕತ್ತರಿಸಬೇಕು ಎಂಬುದೂ ನಿಯಮವಲ್ಲ. ಒಳಗಿನಿಂದ ಕೆಲಸ ಮಾಡಿದರೆ ಹೊರಮೈ ಉಳಿಯುತ್ತದೆ, ಬಣ್ಣದ ಖರ್ಚೂ ಉಳಿಯುತ್ತದೆ. ಹೊರಗಿನಿಂದ ಕೊಯ್ದರೆ ಮತ್ತೆ ಕೂಡಿಸುವ ಅಂಚನ್ನು ಫೈಬರ್ ಪದರದ ದಪ್ಪದ ಹನ್ನೆರಡು ಪಟ್ಟು ಅಗಲಕ್ಕೆ ಇಳಿಜಾರಾಗಿ ಉಜ್ಜಬೇಕು. ಬೆನ್ನು ನೋಯುವ ಕೆಲಸ.

ಎಲ್ಲ ಮುಗಿದು ಗೋಡೆ ಬಂಡೆಯಂತಾದಾಗ ದೊಡ್ಡ ಎಂಜಿನ್ನಿನ ಆಸೆ ಹುಟ್ಟುತ್ತದೆ. ಅಮೆರಿಕದಲ್ಲಿ 1972ರ ನವೆಂಬರ್ ನಂತರ ತಯಾರಾದ, 20 ಅಡಿಗಿಂತ ಚಿಕ್ಕ ಔಟ್‌ಬೋರ್ಡ್ ದೋಣಿಗಳಲ್ಲಿ ಗರಿಷ್ಠ ಅಶ್ವಶಕ್ತಿ ಬರೆದ ಫಲಕವಿರುತ್ತದೆ. ಅದರ ಲೆಕ್ಕದ ಬುಡದಲ್ಲಿರುವುದು ದೋಣಿಯ ಉದ್ದವನ್ನು ಟ್ರಾನ್ಸಮ್‌ನ ಅಗಲದಿಂದ ಗುಣಿಸಿ ಬಂದ ಸಂಖ್ಯೆ. ಹೊಸ ಮರ ಎಷ್ಟೇ ಗಟ್ಟಿಯಿದ್ದರೂ ಉದ್ದವೂ ಅಗಲವೂ ಮೊದಲಿನಷ್ಟೇ.