ಬೇಸಿಗೆಯಲ್ಲಿ ಬಂದ್ ಬೀಳುವ ಕಂಪ್ಯೂಟರ್: ಮೊದಲು ಗಾಳಿಯ ದಾರಿ ನೋಡಿ

ಹತ್ತನೆಯ ಇಯತ್ತೆಯ ಫಲಿತಾಂಶ, ಮುಂದಿನ ಪ್ರವೇಶದ ಆನ್‌ಲೈನ್ ಅರ್ಜಿ, ರಜೆಯಲ್ಲಿ ಮಕ್ಕಳು ಕಲಿಯಬೇಕೆಂದ ಟೈಪಿಂಗು ಎಲ್ಲವೂ ಬರುವುದು ಬೇಸಿಗೆಯ ಬೆನ್ನಿಗೇ. ಮಿರಜ ತಾಲೂಕಿನ ಬೇಡಗ, ಆರಗ ಸೀಮೆಯಲ್ಲಿ ಏಪ್ರಿಲ್-ಮೇ ಹೊತ್ತಿಗೆ ಬಿಸಿಲು 40 ಡಿಗ್ರಿ ಸೆಲ್ಸಿಯಸ್ ಆಸುಪಾಸು ಮುಟ್ಟುತ್ತದೆ. ದೀಪಾವಳಿಯಿಂದ ಸುಮ್ಮನೆ ನಡೆದುಕೊಂಡು ಬಂದ ಮನೆಯ ಕಂಪ್ಯೂಟರ್ ಹಟ ಹಿಡಿಯುವುದೂ ಆವಾಗಲೇ. "ಹತ್ತು ಮಿನಿಟು ಚಲೋ ನಡೀತೈತ್ರಿ, ಆಮ್ಯಾಲೆ ತಾನಾಗೇ ಬಂದ್ ಬೀಳ್ತೈತಿ" ಎಂಬುದು ಪಾಲಕರ ದೂರು. ಕೆಲವರ ಮನೆಯಲ್ಲಿ ಅದು ಬಂದ್ ಬೀಳುವುದಿಲ್ಲ, ಆದರೆ ಮುದಿ ಎತ್ತಿನ ಹಾಗೆ ನಿಧಾನವಾಗುತ್ತದೆ. ಫ್ಯಾನಿನ ಸಪ್ಪಳ ಮಾತ್ರ ಏರುತ್ತಲೇ ಇರುತ್ತದೆ.

ಆಮೇಲಿನ ಕಥೆ ಗೊತ್ತೇ ಇದೆ. ಒಬ್ಬರು ವೈರಸ್ ಅನ್ನುತ್ತಾರೆ, ಇನ್ನೊಬ್ಬರು ಮದರ್‌ಬೋರ್ಡ್ ಹೋಗಿದೆ ಅನ್ನುತ್ತಾರೆ. ಮಿರಜಕ್ಕೋ ಸಾಂಗಲಿಗೋ ಗಾಡಿಯ ಮೇಲೆ ಹೊತ್ತುಕೊಂಡು ಹೋಗಿ ಬಂದದ್ದಕ್ಕೆ ಒಂದು ದಿನದ ಪಗಾರ ಹೋಗುತ್ತದೆ. ಹಳೆಯದನ್ನು ಕೊಂಡವರಿಗಂತೂ "ಮೋಸ ಹೋದೆವು" ಎಂಬ ಸಂಕಟ. ಇದೆಲ್ಲದರ ಹಿಂದೆ ಎಷ್ಟೋ ಸಲ ಇರುವುದು ಒಂದು ಬೆರಳು ದಪ್ಪದ ಧೂಳಿನ ಪದರ, ಇಲ್ಲವೆ ಗೋಡೆಗೆ ಅಂಟಿಸಿ ಇಟ್ಟ ಡಬ್ಬಿ. ಹಣ ಬಿಚ್ಚುವ ಮೊದಲು ಅದನ್ನು ನೋಡಿಕೊಳ್ಳಬೇಕು. ನೋಡಲು ಇಂಗ್ಲಿಷ್ ಬೇಕಾಗಿಲ್ಲ.

ಮನೆಮಂದಿ ಸಿಪಿಯು ಎಂದು, ಅಂಗಡಿಯವರು ಕ್ಯಾಬಿನೆಟ್ ಎಂದು ಕರೆಯುವ ಆ ಡಬ್ಬಿಯೊಳಗೆ ಹೋದ ವಿದ್ಯುತ್ತು ಹೆಚ್ಚುಕಡಿಮೆ ಪೂರ್ತಿ ಶಾಖವಾಗಿಯೇ ಹೊರಬರುತ್ತದೆ. ಸಾಧಾರಣ ಮನೆಯ ಯಂತ್ರ ಕೆಲಸದ ಹೊತ್ತಿನಲ್ಲಿ 100 ವ್ಯಾಟ್ ತೆಗೆದುಕೊಂಡಿತು ಅನ್ನಿ. ಅಂದರೆ ತಗಡಿನ ಡಬ್ಬಿಯೊಳಗೆ ಹಳೆಯ ಕಾಲದ 100 ವ್ಯಾಟಿನ ಬಲ್ಬು ಹಚ್ಚಿ ಮುಚ್ಚಿಟ್ಟ ಹಾಗೆ. ನಿಮಿಷಕ್ಕೆ ಒಂದು ಘನ ಮೀಟರ್ ಗಾಳಿ ಅದರೊಳಗಿಂದ ಹಾದು ಹೋದರೆ, ಹೊರಗೆ ಬರುವ ಗಾಳಿ ಕೋಣೆಯ ಗಾಳಿಗಿಂತ ಸುಮಾರು 5 ಡಿಗ್ರಿ ಮಾತ್ರ ಬಿಸಿಯಾಗಿರುತ್ತದೆ. ಧೂಳು ಕಟ್ಟಿ ಆ ಗಾಳಿ ಕಾಲು ಭಾಗಕ್ಕೆ ಇಳಿದರೆ ಲೆಕ್ಕ 20 ಡಿಗ್ರಿಗೆ ಏರುತ್ತದೆ. ಕೋಣೆಯಲ್ಲಿ ಮೊದಲೇ 38 ಇದ್ದರೆ ಡಬ್ಬಿಯೊಳಗಿನ ಗಾಳಿಯೇ 58. ಪ್ರೊಸೆಸರ್ ಅದಕ್ಕಿಂತಲೂ ಎಷ್ಟೋ ಮೇಲೆ ಇರುತ್ತದೆ.

ಪ್ರೊಸೆಸರ್ ಮೂರ್ಖ ವಸ್ತುವಲ್ಲ. ಬಹಳಷ್ಟು ಮಾದರಿಗಳಲ್ಲಿ ಅದರ ಮಿತಿ 95ರಿಂದ 100 ಡಿಗ್ರಿ. ಆ ಗಡಿಗೆ ಬಂದಾಗ ಅದು ತನ್ನ ವೇಗವನ್ನು ತಾನೇ ಇಳಿಸಿಕೊಳ್ಳುತ್ತದೆ. ಅಷ್ಟಕ್ಕೂ ತಣಿಯದಿದ್ದರೆ ಯಂತ್ರವನ್ನೇ ಬಂದ್ ಮಾಡುತ್ತದೆ. ಹೀಗಾಗಿ "ತಾನಾಗೇ ಬಂದ್ ಬೀಳುವುದು" ಅನೇಕ ಸಲ ರೋಗವಲ್ಲ, ಜೀವ ಉಳಿಸಿಕೊಳ್ಳುವ ಉಪಾಯ. ನಿಜವಾಗಿ ಸವೆಯುವುದು ಸಪ್ಪಳವಿಲ್ಲದೆ ಕೆಲಸ ಮಾಡುವ ಉಳಿದ ಭಾಗಗಳು. ಮದರ್‌ಬೋರ್ಡಿನಲ್ಲೂ ಎಸ್‌ಎಂಪಿಎಸ್‌ನಲ್ಲೂ ಇರುವ ಸಣ್ಣ ಡಬ್ಬಿಯಂಥ ಕೆಪಾಸಿಟರ್‌ಗಳ ಆಯುಷ್ಯ ಪ್ರತಿ 10 ಡಿಗ್ರಿ ಏರಿಕೆಗೆ ಸುಮಾರು ಅರ್ಧವಾಗುತ್ತದೆ ಎಂಬುದು ತಂತ್ರಜ್ಞರ ಅಂದಾಜು. ಮನೆಬಳಕೆಯ ಹಾರ್ಡ್ ಡಿಸ್ಕಿಗೆ ಸಾಮಾನ್ಯವಾಗಿ 60 ಡಿಗ್ರಿ ಮಿತಿ. ಮಗಳು ವರ್ಷವಿಡೀ ಮಾಡಿದ ಪ್ರಕಲ್ಪ, ಮನೆಯ ಫೋಟೋ ಎಲ್ಲ ಇರುವುದು ಅದರಲ್ಲಿಯೇ.

ಪಾಠದಲ್ಲೂ ಇದೆ, ತೋಟದಲ್ಲೂ ಇದೆ

ಪುಣೆಯ ಬಾಲಭಾರತಿ ಕನ್ನಡದಲ್ಲಿ ಅಚ್ಚು ಹಾಕಿಸಿಕೊಡುವ ಏಳನೆಯ ಇಯತ್ತೆಯ ವಿಜ್ಞಾನ ಪುಸ್ತಕದಲ್ಲಿ ಉಷ್ಣದ ಪಾಠವಿದೆ. ವಹನ, ಸಂವಹನ, ವಿಕಿರಣ ಎಂದು ಮಕ್ಕಳು ಬಾಯಿಪಾಠ ಮಾಡುವ ಮೂರು ಮಾತುಗಳಲ್ಲಿ ಮೊದಲ ಎರಡು ಈ ಡಬ್ಬಿಯೊಳಗೆ ಕಣ್ಣಿಗೆ ಕಾಣುತ್ತವೆ. ಪ್ರೊಸೆಸರಿನ ಶಾಖ ಅದರ ಮೇಲೆ ಕೂತ ಅಲ್ಯುಮಿನಿಯಂ ಅಥವಾ ತಾಮ್ರದ ಹೀಟ್‌ಸಿಂಕಿಗೆ ಏರುವುದು ವಹನ. ಹೀಟ್‌ಸಿಂಕಿನ ತೆಳು ರೆಕ್ಕೆಗಳ ನಡುವೆ ಗಾಳಿ ಹಾದು ಆ ಶಾಖವನ್ನು ಹೊತ್ತುಕೊಂಡು ಹೋಗುವುದು ಸಂವಹನ. ರೆಕ್ಕೆಗಳ ನಡುವೆ ಧೂಳು ತುಂಬಿದರೆ ಎರಡನೆಯ ಕೆಲಸ ನಿಲ್ಲುತ್ತದೆ. ಪ್ರೊಸೆಸರಿಗೂ ಹೀಟ್‌ಸಿಂಕಿಗೂ ನಡುವಿನ ಪೇಸ್ಟ್ ಒಣಗಿ ಬಿರಿದರೆ ಮೊದಲನೆಯದು ಕುಂಟುತ್ತದೆ. ಮಕ್ಕಳಿಗೆ ಪಾಠ ತೋರಿಸಲು ಇದಕ್ಕಿಂತ ಒಳ್ಳೆಯ ಪ್ರಯೋಗಶಾಲೆ ಸಿಗುವುದು ಕಷ್ಟ.

ಬಿಸಿಗಾಳಿ ಮೇಲೇರುತ್ತದೆ ಎಂದು ಓದಿದ ಹುಡುಗ, ಹಾಗಾದರೆ ಫ್ಯಾನ್ ಏಕೆ ಬೇಕು ಎಂದು ಕೇಳಿಯಾನು. ಕೇಳಬೇಕಾದ ಪ್ರಶ್ನೆಯೇ. ಮಣ್ಣಿನ ಮಾಳಿಗೆಯ ಮನೆಯಲ್ಲಿ ಒಲೆಯ ಹೊಗೆ ಬೆಳಕಿಂಡಿಯಿಂದ ತಾನಾಗಿ ಹೋಗುತ್ತದೆ, ಏಕೆಂದರೆ ಅಲ್ಲಿ ಎತ್ತರವಿದೆ. ಒಂದೂವರೆ ಅಡಿಯ ಡಬ್ಬಿಯಲ್ಲಿ ಆ ಏರುವಿಕೆಯ ಬಲ ತೀರ ಕಡಿಮೆ. ಸಣ್ಣ ಫ್ಯಾನ್ ಕೂಡ ಅದನ್ನು ಮೀರಿಸುತ್ತದೆ. ಆದ್ದರಿಂದ ಗಾಳಿಯ ದಾರಿಯನ್ನು ನಿರ್ಧರಿಸುವುದು ಫ್ಯಾನೇ.

ಬೇಡಗದ ಎಲೆಬಳ್ಳಿ ತೋಟದವರಿಗೆ ಈ ಮಾತನ್ನು ಬೇರೆ ಹೇಳಬೇಕಾಗಿಲ್ಲ. ನುಗ್ಗಿ, ಹಾಲವಾಣದ ಆಸರೆಯಲ್ಲಿ ಬೆಳೆಯುವ ಬಳ್ಳಿಗೆ ಬೇಸಿಗೆಯ ಬಿಸಿಗಾಳಿ ನೇರ ಬಡಿದರೆ ಎಲೆ ಸುಡುತ್ತದೆ, ಗಾಳಿಯನ್ನು ಪೂರ್ತಿ ಕಟ್ಟಿದರೆ ಒಳಗೆ ಕೊಳೆ. ಎಲ್ಲಿ ಬಿಡಬೇಕು, ಎಲ್ಲಿ ತಡೆಯಬೇಕು ಎಂಬ ಲೆಕ್ಕದ ಮೇಲೆ ತೋಟ ನಿಂತಿದೆ. ಕಂಪ್ಯೂಟರ್ ಡಬ್ಬಿಗೂ ಅದೇ ಲೆಕ್ಕ: ಮುಂದಿನಿಂದ, ಕೆಳಗಿನಿಂದ ತಂಪು ಗಾಳಿ ಒಳಗೆ, ಹಿಂದಿನಿಂದ, ಮೇಲಿನಿಂದ ಬಿಸಿಗಾಳಿ ಹೊರಗೆ. ನಡುವೆ ಎಲ್ಲಿಯೂ ಅಡ್ಡಿ ಇರಬಾರದು.

ಊದಬತ್ತಿಯ ಪರೀಕ್ಷೆ

ಡಬ್ಬಿಯನ್ನು ಬಿಚ್ಚದೆ ಚಾಲೂ ಮಾಡಿ, ಹೊರಗೆ ಮುಂದಿನ ಜಾಳಿಗೆಯ ಹತ್ತಿರ ಒಂದು ಊದಬತ್ತಿ ಹಿಡಿಯಿರಿ. ಹೊಗೆ ಒಳಕ್ಕೆ ಎಳೆದುಕೊಂಡರೆ ಸರಿ. ಅಲ್ಲೇ ಸುಳಿಯುತ್ತ ನಿಂತರೆ ಗಾಳಿಗೆ ಬಾಗಿಲೇ ಇಲ್ಲ ಎಂದರ್ಥ. ಬಳಿಕ ಹಿಂದಿನ ಫ್ಯಾನಿನ ಹತ್ತಿರ ಹಿಡಿಯಿರಿ. ಅಲ್ಲಿ ಹೊಗೆ ದೂರ ತಳ್ಳಲ್ಪಡಬೇಕು. ಅಲ್ಲಿಯೂ ಒಳಗೆ ಹೋದರೆ ಯಾರೋ ಫ್ಯಾನನ್ನು ಉಲ್ಟಾ ಕೂರಿಸಿದ್ದಾರೆ. ಫ್ಯಾನ್ ನೋಡಿಯೂ ದಿಕ್ಕು ಹೇಳಬಹುದು: ಮೋಟಾರನ್ನು ಹಿಡಿದ ಅಡ್ಡಪಟ್ಟಿಗಳು ಯಾವ ಬದಿಗೆ ಇವೆಯೋ ಗಾಳಿ ಆ ಬದಿಗೆ ಹೊರಡುತ್ತದೆ.

ಅಗ್ಗದ ಕ್ಯಾಬಿನೆಟ್‌ಗಳಲ್ಲಿ ಹಿಂದೆ ಫ್ಯಾನಿನ ಜಾಗ ಖಾಲಿಯೇ ಇರುತ್ತದೆ. ಎಲ್ಲ ಬಿಸಿಗಾಳಿಯನ್ನೂ ಎಸ್‌ಎಂಪಿಎಸ್‌ನ ಒಂದೇ ಫ್ಯಾನ್ ಎಳೆದು ಹಾಕಬೇಕು. ಅಂಥದಕ್ಕೆ ಮೊದಲು ಹಿಂದೆ ಒಂದು ಫ್ಯಾನ್ ಹಾಕಿಸಿರಿ. ಕೆಲವು ನೂರು ರೂಪಾಯಿಯ ಮಾತು. ಇನ್ನಷ್ಟು ಹಾಕಲು ಸಾಧ್ಯವಿದ್ದರೆ ಮುಂದೆ ಜಾಳಿಗೆಯೊಡನೆ ಹಾಕುವುದು ನಮ್ಮ ಕಡೆಗೆ ಒಳ್ಳೆಯದು. ಹೊರಗೆ ಹೋಗುವ ಗಾಳಿಗಿಂತ ಒಳಗೆ ಬರುವ ಗಾಳಿ ತುಸು ಹೆಚ್ಚಾಗಿದ್ದರೆ ಸಂದುಗೊಂದುಗಳಿಂದ ಗಾಳಿ ಹೊರಗೆ ನುಗ್ಗುತ್ತದೆ, ಧೂಳು ಒಳಗೆ ಬರುವುದಿಲ್ಲ. ಹೊರಗೆ ಎಳೆಯುವ ಫ್ಯಾನ್‌ಗಳೇ ಹೆಚ್ಚಾದರೆ ಪ್ರತಿ ಸಂದಿಯೂ ಧೂಳು ಹೀರುತ್ತದೆ. ಕಬ್ಬಿನ ರವದಿ ಸುಡುವ, ರಾಶಿ ಮಾಡುವ ದಿನಗಳಲ್ಲಿ ನಮ್ಮ ಊರುಗಳ ಗಾಳಿ ಹೇಗಿರುತ್ತದೆಂದು ಹೇಳಬೇಕಾಗಿಲ್ಲ. ಒಲೆಯ ಹೊಗೆ ಇನ್ನೂ ಕೆಟ್ಟದು. ಅದರ ಎಣ್ಣೆಮಸಿ ಧೂಳನ್ನು ಅಂಟಿನಂತೆ ಹಿಡಿದುಕೊಳ್ಳುತ್ತದೆ. ಅಡಿಗೆಮನೆಯ ಮಗ್ಗುಲಿನ ಗೋಡೆಗೆ ಕಂಪ್ಯೂಟರ್ ಬೇಡ.

ಬಹಳ ಜನ ಒಂದು ಬದಿಯ ಬಾಗಿಲನ್ನೇ ತೆಗೆದಿಟ್ಟುಬಿಡುತ್ತಾರೆ. ಒಂದೆರಡು ದಿನ ಅದು ಗುಣ ಕೊಟ್ಟಂತೆ ಕಾಣಬಹುದು, ಆದರೆ ಹಲ್ಲಿ, ಜಿರಲೆ, ಧೂಳಿಗೆ ಅದು ಆಮಂತ್ರಣ. ಹಾರ್ಡ್ ಡಿಸ್ಕಿನ ಮೇಲೆ ಹಾದು ಹೋಗಬೇಕಾದ ಗಾಳಿಯೂ ದಾರಿ ತಪ್ಪುತ್ತದೆ. ಪರೀಕ್ಷೆಗೆ ಮಾತ್ರ ಈ ಉಪಾಯ ಚಲೋ. ಬದಿ ತೆಗೆದು ಹದಿನೈದು ಮಿನಿಟು ನಡೆಸಿದಾಗ ಉಷ್ಣತೆ 10 ಡಿಗ್ರಿಯಷ್ಟು ಇಳಿದರೆ ಡಬ್ಬಿಗೆ ಗಾಳಿಯ ಕೊರತೆ ಇದೆ. ಇಳಿಯದಿದ್ದರೆ ತಪ್ಪು ಹೀಟ್‌ಸಿಂಕಿನಲ್ಲೋ ಪೇಸ್ಟಿನಲ್ಲೋ ಇದೆ. ಉಷ್ಣತೆ ನೋಡಲು ಯಂತ್ರ ಚಾಲೂ ಆಗುವಾಗ ಡಿಲೀಟ್ ಅಥವಾ ಎಫ್2 ಗುಂಡಿ ಒತ್ತಿ ಬಯೋಸ್‌ಗೆ ಹೋದರೆ ಸಾಕು. ಅಲ್ಲಿ ಫ್ಯಾನ್ ನಿಮಿಷಕ್ಕೆ ಎಷ್ಟು ಸುತ್ತು ತಿರುಗುತ್ತಿದೆ ಎಂಬುದೂ ಕಾಣುತ್ತದೆ. ಸೊನ್ನೆ ತೋರಿಸಿದರೆ ಫ್ಯಾನ್ ಸತ್ತಿದೆ, ಇಲ್ಲವೆ ಅದರ ವೈರು ಕಳಚಿದೆ.

ಇಡುವ ಜಾಗ, ಒರೆಸುವ ರೀತಿ

ಡಬ್ಬಿಯ ಹಿಂದೆ ಗೋಡೆಗೆ ಒಂದು ಗೇಣು ಜಾಗ ಬಿಡಿ. ಇಲ್ಲದಿದ್ದರೆ ಹೊರಬಂದ ಬಿಸಿಗಾಳಿ ಗೋಡೆಗೆ ಬಡಿದು ಮತ್ತೆ ಒಳಗೇ ಬರುತ್ತದೆ. ಬಾಗಿಲು ಹಾಕುವ ಮೇಜಿನ ಕಪಾಟು, ಮೇಲೆ ಹೊದಿಸಿದ ಕಸೂತಿಯ ಬಟ್ಟೆ, ಪ್ಲಾಸ್ಟಿಕ್ ಕವರು ಇವೆಲ್ಲ ಯಂತ್ರ ಬಂದ್ ಇದ್ದಾಗ ಮಾತ್ರ. ಹೊಸ ಕ್ಯಾಬಿನೆಟ್‌ಗಳಲ್ಲಿ ಎಸ್‌ಎಂಪಿಎಸ್ ಕೆಳಗೆ ಇದ್ದು ಅದರ ಫ್ಯಾನ್ ನೆಲದ ಕಡೆಯಿಂದ ಗಾಳಿ ಎಳೆಯುತ್ತದೆ; ಜಮಖಾನೆಯ ಮೇಲೆ ಇಟ್ಟರೆ ಮೂಗು ಮುಚ್ಚಿದಂತೆ. ನೀರಿನ ಕೂಲರಿನ ಗಾಳಿಯನ್ನು ನೇರ ತಿರುಗಿಸಬೇಡಿ. ಹಸಿ ಬಟ್ಟೆ ಹಾಕಿ ತಣಿಸುವ ಉಪಾಯ ಯಾರಾದರೂ ಹೇಳಿದರೆ ಕೇಳಲೇಬೇಡಿ.

ಸ್ವಚ್ಛ ಮಾಡುವ ಮೊದಲು ವೈರು ಕಿತ್ತು, ಪವರ್ ಗುಂಡಿಯನ್ನು ಹತ್ತು ಸೆಕೆಂಡು ಒತ್ತಿ ಹಿಡಿದು ಉಳಿದ ವಿದ್ಯುತ್ತನ್ನು ಹೋಗಲಾಡಿಸಿ. ಅಂಗಳಕ್ಕೆ ಒಯ್ದು, ಮೂಗಿಗೆ ಬಟ್ಟೆ ಕಟ್ಟಿಕೊಂಡು, ಮೆತ್ತನೆಯ ಒಣ ಬ್ರಶ್ಶಿನಿಂದ ಹೀಟ್‌ಸಿಂಕಿನ ರೆಕ್ಕೆಗಳನ್ನೂ ಫ್ಯಾನಿನ ಎಲೆಗಳನ್ನೂ ಝಾಡಿಸಿ. ಬ್ಲೋವರ್ ಹಾಕುವುದಾದರೆ ಫ್ಯಾನಿನ ಎಲೆಯನ್ನು ಬೆರಳಿನಿಂದ ಹಿಡಿಯಬೇಕು. ಗಾಳಿಗೆ ಬಿಟ್ಟು ಬರ್ರೆಂದು ತಿರುಗಿಸಿದರೆ ಬೇರಿಂಗ್ ಹಾಳು. ಎಸ್‌ಎಂಪಿಎಸ್ ಡಬ್ಬಿಯನ್ನು ಯಾರೂ ಬಿಚ್ಚಬಾರದು, ಮಕ್ಕಳಂತೂ ಮುಟ್ಟಲೇಬಾರದು. ವೈರು ಕಿತ್ತ ಮೇಲೂ ಅದರೊಳಗೆ ಅಪಾಯದಷ್ಟು ವಿದ್ಯುತ್ತು ಉಳಿದಿರುತ್ತದೆ. ಪೇಸ್ಟ್ ಬದಲಿಸುವುದನ್ನು ಅಂಗಡಿಯವರಿಗೆ ಬಿಟ್ಟರೆ ಚಿಂತೆಯಿಲ್ಲ. ಕಡಲೆಕಾಳಿನಷ್ಟು ಸಾಕು, ಬೆಣ್ಣೆಯ ಹಾಗೆ ಮೆತ್ತಬಾರದು ಎಂಬುದನ್ನು ಮಾತ್ರ ನಿಂತು ನೋಡಿ. ವಾರಂಟಿ ಇನ್ನೂ ಇದ್ದರೆ ಸೀಲು ಒಡೆಯದೆ ಹೊರಗಿನ ಜಾಳಿಗೆಯನ್ನಷ್ಟೇ ತೊಳೆಯಿರಿ.

ವರ್ಷಕ್ಕೆ ಎರಡು ಸಲ ಸಾಕು. ಒಂದು, ಶಿವರಾತ್ರಿಯ ಹೊತ್ತಿಗೆ, ಬಿಸಿಲು ಏರುವ ಮೊದಲು. ಇನ್ನೊಂದು, ಖಂಡೇನವಮಿಯ ಹಿಂದಿನ ದಿನ. ಹೇಗೂ ಮರುದಿನ ಕುಡುಗೋಲು, ಮೋಟಾರು, ಗಾಡಿಯ ಜೊತೆ ಕಂಪ್ಯೂಟರಿಗೂ ಪೂಜೆ ಇರುತ್ತದೆ. ಅರಿಷಿಣ-ಕುಂಕುಮವನ್ನು ಮುಂದಿನ ಜಾಳಿಗೆಗೆ ಹಚ್ಚಬೇಡಿ, ಪುಡಿ ಸೀದಾ ಫ್ಯಾನಿಗೆ ಹೋಗುತ್ತದೆ. ಮೇಲಿನ ಮೂಲೆಯಲ್ಲಿ ಒಂದು ಬೊಟ್ಟು ಇಟ್ಟು, ಹೂವಿನ ಮಾಲೆಯನ್ನು ಮಾನಿಟರಿಗೆ ಹಾಕಿ.